ನಾರ್ಮಲ್ ಸಾಹೇಬರ ರಕ್ತ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಸಂಸ್ಥೆಯ ನಿರ್ದೇಶಕರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಳ್ಳೆಯ ಸಂಗತಿಗಳನ್ನು ಈಗಷ್ಟೇ ತಿಳಿಸಿಕೊಟ್ಟ ಮುಖ್ಯ ಅತಿಥಿಗಳೇ, ಆಸ್ಪತ್ರೆಯಿಂದ ಬಿಡುವು ಮಾಡಿಕೊಂಡು ಬಂದಿರುವ ವೈದ್ಯರೇ, ದಾದಿಯರೇ, ನನ್ನ ವಿದ್ಯಾರ್ಥಿಗಳೇ, ಅವರ ಜೊತೆ ಬಂದು ಸಿಕ್ಕಿಹಾಕಿಕೊಂಡಿರುವ ಅವರ ಮನೆಯವರೇ, ಮತ್ತು ಪ್ರೀತಿಯ ಸಭಿಕರೇ,

ನನಗೆ ಕೊಟ್ಟಿರುವ ವಿಷಯ, ‘ಸ್ವಯಂನಿರೋಧಕ ಉರಿಯೂತದಲ್ಲಿ ಸಕ್ಕರೆ ಹಿಡಿಯುವ ಪ್ರೋಟೀನುಗಳ ಪಾತ್ರ’. ನಿವೃತ್ತಿಯ ದಿನವೂ ಪಾಠ ಮಾಡಿಸಿಕೊಂಡೇ ಕಳಿಸುತ್ತೇವೆ ಎಂದು ಸಂಸ್ಥೆ ತೀರ್ಮಾನಿಸಿದ ಹಾಗಿದೆ. ನಿನ್ನೆ ಕಾರ್ಯದರ್ಶಿಗಳು ನನ್ನ ಕೋಣೆಗೆ ಬಂದು, “ಮೇಡಂ, ಎಲ್ರಿಗೂ ಅರ್ಥ ಆಗೋ ಹಾಗಿರ್ಲಿ. ಸ್ವಲ್ಪ ನಿಮ್ಮ ಜೀವನದ್ದೂ ಬರ್ಲಿ. ಆದ್ರೆ ಜಾಸ್ತಿ ಬೇಡ” ಎಂದರು. ಜಾಸ್ತಿ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದ್ದರಿಂದ ತಪ್ಪು ಇಬ್ಬರದೂ ಅಲ್ಲ.

ಮಾತಿನ ನಡುವೆ ನಾನು ಬಾಗಿಲ ಕಡೆ ನೋಡಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಈ ಸಭೆಗೆ ಸಂಸ್ಥೆಯವರು ಬೇಕಾದಷ್ಟು ಜನರನ್ನು ಕರೆದಿದ್ದಾರೆ. ನಾನಾಗಿ ಕರೆದದ್ದು ಒಬ್ಬರನ್ನು. ಅವರು ಇನ್ನೂ ಬಂದಿಲ್ಲ. ಅವರಿಗೆ ನಾನು ಕೊಡಬೇಕಾದ ಉತ್ತರ ಒಂದಿದೆ, ಬಹಳ ಹಳೆಯದು. ಇವತ್ತು ಕೊಡದಿದ್ದರೆ ಇನ್ನು ಯಾವತ್ತು ಕೊಡುತ್ತೇನೋ ತಿಳಿಯದು. ಇರಲಿ, ಮೊದಲು ವಿಷಯಕ್ಕೆ ಬರೋಣ.

ನಮ್ಮ ಮೈಯಲ್ಲಿರುವ ಪ್ರತಿಯೊಂದು ಜೀವಕೋಶದ ಹೊರಮೈ ಮೇಲೂ ಸಕ್ಕರೆಯ ಸಣ್ಣ ಸಣ್ಣ ಸರಪಳಿಗಳಿರುತ್ತವೆ. ಟೀಗೆ ಹಾಕುವ ಸಕ್ಕರೆಯಲ್ಲ, ಅದರ ದೂರದ ನೆಂಟರು. ಕೆಲವು ಪ್ರೋಟೀನುಗಳಿಗೆ ಈ ಸರಪಳಿಗಳನ್ನು ತಡವಿ, ಗುರುತು ಹಿಡಿದು, ಕಚ್ಚಿಕೊಳ್ಳುವ ವಿದ್ಯೆ ಗೊತ್ತು. ಕಚ್ಚಿಕೊಂಡು ಏನು ಮಾಡುತ್ತವೆ? ಜಗಳ ಶುರುವಾದ ಯಾವ ಮನೆಯಲ್ಲಾದರೂ ನೋಡಿ, ಎರಡು ಬಗೆಯ ಹಿರಿಯರಿರುತ್ತಾರೆ. “ಹೋಗ್ಲಿ ಬಿಡ್ರಪ್ಪಾ” ಎಂದು ಎಲ್ಲರನ್ನೂ ಕೂರಿಸುವವರು ಒಬ್ಬರು. “ನೋಡು, ಅವನು ನಿನಗೆ ಹಿಂಗಂದ್ನಂತೆ” ಎಂದು ಕಿವಿ ಊದುವವರು ಇನ್ನೊಬ್ಬರು. ಈ ಪ್ರೋಟೀನುಗಳಲ್ಲೂ ಹಾಗೆಯೇ. ಕೆಲವು ನಮ್ಮ ರಕ್ಷಣಾ ಪಡೆಯನ್ನು ಸಮಾಧಾನ ಮಾಡುತ್ತವೆ, ಕೆಲವು ಕೆರಳಿಸುತ್ತವೆ. ಕೆರಳಿಸುವವುಗಳ ಕೈ ಮೇಲಾದಾಗ ಹೊರಗಿನ ಶತ್ರುವಿನ ಜೊತೆ ಹೋರಾಡಬೇಕಾದ ಪಡೆ ನಮ್ಮದೇ ಕೀಲುಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ನಮ್ಮ ಹಿರಿಯರು ಹೇಳಿದ್ದು ಈ ರೋಗವನ್ನು ನೋಡಿಯೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇದನ್ನೆಲ್ಲ ಒಮ್ಮೆ ಮನೆಯಲ್ಲಿ ವಿವರಿಸಿದಾಗ ನನ್ನ ಅಕ್ಕನ ಮಗಳು ಕೇಳಿದಳು: “ಹಾಗಾದ್ರೆ ಚಿಕ್ಕಮ್ಮ, ಸಕ್ಕರೆ ತಿನ್ನೋದು ಬಿಟ್ರೆ ಕೀಲುನೋವು ಹೋಗುತ್ತಾ?” ಹೋಗುವುದಿಲ್ಲ. ಆ ಸಕ್ಕರೆ ಬೇರೆ, ಈ ಸಕ್ಕರೆ ಬೇರೆ. “ಮತ್ತೆ ಇಷ್ಟು ವರ್ಷ ಏನ್ ಮಾಡಿದ್ರಿ?” ಎಂದಳು. ಸಭಿಕರೇ, ನನ್ನ ವೃತ್ತಿಜೀವನದಲ್ಲಿ ಇಷ್ಟು ಕಠಿಣವಾದ ವಿಮರ್ಶೆಯನ್ನು ಯಾವ ಪತ್ರಿಕೆಯೂ ಬರೆದಿಲ್ಲ.

ನಾವು ಮಾಡಿದ್ದು ಏನೆಂದರೆ, ಕಿವಿ ಊದುವ ಪ್ರೋಟೀನು ಯಾರ ರಕ್ತದಲ್ಲಿ ಎಷ್ಟಿದೆ ಎಂದು ಅಳೆದದ್ದು. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಗುಳಿಗೊಬ್ಬರ ರಕ್ತದ ತಿಳಿ. ಪ್ರೋಟೀನು ಹೆಚ್ಚಿದ್ದರೆ ಹಳದಿ ಬಣ್ಣ ಗಾಢವಾಗುತ್ತದೆ, ಕಡಿಮೆಯಿದ್ದರೆ ತೆಳುವಾಗುತ್ತದೆ. ಆದರೆ ಗಾಢ ಎನ್ನುವುದು ಯಾವುದಕ್ಕಿಂತ ಗಾಢ? ಹೋಲಿಸಲು ಆರೋಗ್ಯವಂತರೊಬ್ಬರ ರಕ್ತ ಬೇಕಲ್ಲವೇ? ಈಗ ಅದಕ್ಕೆ ನೂರೆಂಟು ನಿಯಮಗಳಿವೆ, ಬಹಳ ಜನರ ರಕ್ತ ಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಪ್ರಯೋಗಾಲಯದ ಪದ್ಧತಿಯೇ ಬೇರೆ. ಹೊಸಬರು ಬಂದ ದಿನ ಹಿರಿಯರು ಟೀ ಕೊಡುವ ಮೊದಲು ಸೂಜಿ ಚುಚ್ಚುತ್ತಿದ್ದರು. ಯಾರ ರಕ್ತ ಅತ್ಯಂತ ತಣ್ಣಗಿದೆಯೋ, ಅಂದರೆ ಯಾರ ಹಳದಿ ಎಲ್ಲರಿಗಿಂತ ತೆಳುವೋ, ಅವರೇ ಆ ಪ್ರಯೋಗಾಲಯದ ‘ನಾರ್ಮಲ್’. ತಿಂಗಳಿಗೊಮ್ಮೆ ತೋಳು ಚಾಚುವುದು ಅವರ ಕರ್ತವ್ಯ. ರೋಗಿಗಳ ಅಂಕಿಯನ್ನೆಲ್ಲ ಅವರ ಅಂಕಿಯಿಂದ ಭಾಗಿಸಿ ಬರೆಯುತ್ತಿದ್ದೆವು.

ನನ್ನ ರಕ್ತ ಆಯ್ಕೆಯಾಗಲಿಲ್ಲ. ನಮ್ಮ ಮೇಷ್ಟ್ರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಅಂಕಿ ನೋಡಿ, “ನಿನಗೆ ಸಿಟ್ಟು ಜಾಸ್ತಿ ಅನ್ಸುತ್ತೆ” ಎಂದುಬಿಟ್ಟರು. ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಸಿಟ್ಟಿನಿಂದಲೇ ಹೇಳಿದೆ. ಆಯ್ಕೆಯಾದವರು ನನ್ನ ಎದುರು ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು. ಅವತ್ತಿನಿಂದ ಅವರ ಹೆಸರೇ ನಾರ್ಮಲ್ ಸಾಹೇಬರು ಎಂದಾಯಿತು. ಅವರಿಗೆ ಅದರ ಜಂಬ ಬೇರೆ. ಯಾರಾದರೂ ಜಗಳಕ್ಕೆ ಬಂದರೆ, “ನೋಡಿ, ಈ ಕಟ್ಟಡದಲ್ಲಿ ನಾನೊಬ್ನೇ ನಾರ್ಮಲ್, ಅದಕ್ಕೆ ಪುರಾವೆ ಇದೆ. ನಿಮ್ಮ ಹತ್ರ ಏನಿದೆ?” ಎನ್ನುತ್ತಿದ್ದರು.

ನಾನು ಕರೆದದ್ದು ಅವರನ್ನೇ.

ಈ ಪ್ರೋಟೀನನ್ನು ಶುದ್ಧಮಾಡುವ ಕೆಲಸವನ್ನು ಶೀತಲ ಕೋಣೆಯಲ್ಲಿ ಮಾಡಬೇಕು. ಬೆಚ್ಚಗಾದರೆ ಅದು ಕೆಡುತ್ತದೆ. ಕಿಟಕಿಯಿಲ್ಲದ ಕೋಣೆ, ಸದಾ ಗುಂಯ್ ಎನ್ನುವ ಯಂತ್ರ, ಬಾಗಿಲ ಹಿಂದೆ ಮೊಳೆಗೆ ತಗುಲಿಸಿದ ಎರಡು ಹಳೆಯ ಸ್ವೆಟರುಗಳು. ಉದ್ದನೆಯ ಗಾಜಿನ ಕೊಳವೆಯೊಳಗೆ ಸಕ್ಕರೆ ಅಂಟಿಸಿದ ಮಣಿಗಳನ್ನು ತುಂಬಿ, ಮೇಲಿನಿಂದ ದ್ರವ ಸುರಿಯುತ್ತೇವೆ. ನಮಗೆ ಬೇಕಾದ ಪ್ರೋಟೀನು ಸಕ್ಕರೆಯನ್ನು ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಹರಿದು ಹೋಗುತ್ತದೆ. ಕಚ್ಚಿದ್ದನ್ನು ಬಿಡಿಸುವುದು ಹೇಗೆ? ಜೋರು ಮಾಡಿದರೆ ಬಿಡುವುದಿಲ್ಲ. ಅದೇ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಧಾರಾಳವಾಗಿ ಹೊಯ್ಯಬೇಕು. ಆಗ ಅದು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದುಕೊಂಡು ಹೊರಗೆ ಬರುತ್ತದೆ. ಹನಿ ಹನಿಯಾಗಿ ಬರುತ್ತದೆ, ಅರ್ಧ ದಿನ ಬರುತ್ತದೆ. ಅಷ್ಟು ಹೊತ್ತು ಇಬ್ಬರು ಅಲ್ಲಿ ನಿಂತು, ಹನಿ ಹಿಡಿಯುವ ಸಣ್ಣ ಕೊಳವೆಗಳನ್ನು ಬದಲಾಯಿಸುತ್ತಿರಬೇಕು.

ಆ ಇಬ್ಬರು ನಾವಾಗಿದ್ದೆವು. ಅರ್ಧ ದಿನ ಚಳಿಯಲ್ಲಿ ನಿಂತರೆ ಮನುಷ್ಯರು ಏನು ಮಾಡುತ್ತಾರೆ? ಮಾತಾಡುತ್ತಾರೆ. ಅವರ ಅಕ್ಕ ಅವರನ್ನು ತಾಯಿಯ ಹಾಗೆ ಸಾಕಿದ್ದು, ನನ್ನ ಅಪ್ಪನ ಗೊರಕೆ, ಮೇಷ್ಟ್ರ ಜಿಪುಣತನ, ಎಲ್ಲ ಆಯಿತು. ಒಂದು ಮಧ್ಯಾಹ್ನ ಅವರು ಕೊಳವೆಯ ಹನಿಯನ್ನೇ ನೋಡುತ್ತ, “ಕೇಳಿ, ನಂಗೆ ನಿಮ್ಮ ಜೊತೆ ಇಲ್ಲಷ್ಟೇ ಅಲ್ಲ, ಬೆಚ್ಚಗಿರೋ ಜಾಗದಲ್ಲೂ ಇರ್ಬೇಕು ಅನ್ಸುತ್ತೆ. ನಿಮಗೆ?” ಎಂದರು.

ನೀವೇ ಹೇಳಿ, ಇದಕ್ಕಿಂತ ಚೆನ್ನಾಗಿ ಯಾರಾದರೂ ಕೇಳಿದ್ದಾರೆಯೇ? ನನಗೆ ಕಿವಿಯವರೆಗೆ ಬಿಸಿಯಾಯಿತು. ಆ ಬಿಸಿಗೇ ಪ್ರೋಟೀನು ಕೆಟ್ಟುಹೋಗಬೇಕಿತ್ತು. “ಇದು ಮುಗೀಲಿ, ಹೊರಗೆ ಹೋಗಿ ಹೇಳ್ತೀನಿ” ಎಂದೆ. ಸಂಕೋಚ, ಅಷ್ಟೇ. ಉತ್ತರ ಆಗಲೇ ಗಂಟಲಿಗೆ ಬಂದು ಕೂತಿತ್ತು. ಹೊರಗೆ ಬಂದಾಗ ಮೇಷ್ಟ್ರು ಇಡೀ ಪ್ರಯೋಗಾಲಯವನ್ನು ಮೇಜಿನ ಸುತ್ತ ಸೇರಿಸಿಕೊಂಡು ನಿಂತಿದ್ದರು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಹೊಸ ಔಷಧಿಯಿಂದ ರೋಗಿಗಳ ಅಂಕಿಗಳೆಲ್ಲ ಇಳಿಯುತ್ತಿವೆ ಎಂದು ಅವತ್ತಿನ ತಟ್ಟೆ ಹೇಳಿತ್ತು. ಹಿಂದಿನ ತಿಂಗಳೂ ಇಳಿದಿದ್ದವು, ಈಗ ಇನ್ನಷ್ಟು. ಮೇಷ್ಟ್ರು ಕುಣಿಯುವುದೊಂದು ಬಾಕಿ. ಜೀವಮಾನದಲ್ಲಿ ಮೊದಲ ಸಲ ತಮ್ಮ ಜೇಬಿನಿಂದ ಕೇಕ್ ತರಿಸಿದರು.

ನಾರ್ಮಲ್ ಸಾಹೇಬರಿಗೆ ಕೇಕ್ ಕತ್ತರಿಸಲು ಚಾಕು ಕೊಟ್ಟರು. ಅವರು ಅದನ್ನು ಕೆಳಗೆ ಬೀಳಿಸಿದರು. ಮತ್ತೆ ಎತ್ತಿಕೊಂಡರು, ಮತ್ತೆ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ತಮ್ಮ ಬೆರಳುಗಳನ್ನು ನೋಡಿಕೊಂಡು, ಆಮೇಲೆ ಗೋಡೆಗೆ ಅಂಟಿಸಿದ್ದ ಅಂಕಿಗಳನ್ನು ನೋಡಿದರು.

ಸಭಿಕರೇ, ನಿಮಗೆ ಆಗಲೇ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ, ಏಕೆಂದರೆ ನಾವು ವಿಜ್ಞಾನಿಗಳು. ಅವರು ಯಾರಿಗೂ ಹೇಳದೆ ಮಂಜುಪೆಟ್ಟಿಗೆಯಿಂದ ತಮ್ಮ ಹಳೆಯ ರಕ್ತವನ್ನು ತೆಗೆದು, ಹೊಸ ರಕ್ತದ ಪಕ್ಕದಲ್ಲಿ ಇಟ್ಟು ಅಳೆದರು. ಹಳೆಯದು ತೆಳು ಹಳದಿ. ಆಮೇಲಿನದು ಸ್ವಲ್ಪ ಗಾಢ. ಹೊಸದು ಅರಿಸಿನದ ಹಾಗಿತ್ತು. ತಟ್ಟೆಯನ್ನು ತಂದು ಮೇಷ್ಟ್ರ ಮುಂದೆ ಇಟ್ಟು ಹೇಳಿದರು: “ಸಾರ್, ರೋಗಿಗಳು ಯಾರೂ ಹುಷಾರಾಗಿಲ್ಲ. ನಾನು ಕೆಟ್ಟಿದೀನಿ.”

ನಾವು ಎಲ್ಲರನ್ನೂ ಅವರಿಂದ ಭಾಗಿಸುತ್ತಿದ್ದೆವು. ಅವರ ಅಂಕಿ ಏರಿದಂತೆ ಮಿಕ್ಕವರ ಅಂಕಿ ತಾನಾಗಿಯೇ ಇಳಿಯಿತು. ಇಡೀ ಆಸ್ಪತ್ರೆ ಗುಣವಾಗುತ್ತಿದೆ ಎಂದು ನಾವು ಕೇಕ್ ತಿಂದ ದಿನ, ಒಬ್ಬ ಮನುಷ್ಯ ರೋಗಿಯಾಗುತ್ತಿದ್ದ. ಅವರು ಕುತ್ತಿಗೆ ನೋವಿಗೆ ದಿಂಬನ್ನು ಬೈಯುತ್ತಿದ್ದರು. ಬೆರಳು ಹಿಡಿದುಕೊಂಡರೆ ಶೀತಲ ಕೋಣೆಯನ್ನು ಬೈಯುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ, ಏಕೆಂದರೆ ನಾರ್ಮಲ್ ಎಂದು ಚೀಟಿ ಅಂಟಿಸಿದ ಮನುಷ್ಯನಿಗೆ ಕಾಯಿಲೆ ಬರುತ್ತದೆ ಎಂದು ಯಾರು ಯೋಚಿಸುತ್ತಾರೆ?

ಮುಖ್ಯ ಅತಿಥಿಗಳು ಈಗ ಹೊಗಳಿದರಲ್ಲ, ಊತ ಕಾಣುವ ಮೊದಲೇ ಈ ಪ್ರೋಟೀನು ರಕ್ತದಲ್ಲಿ ಏರುತ್ತದೆ ಎಂಬ ನಮ್ಮ ಪ್ರಯೋಗಾಲಯದ ಮಾತು, ಅದು ಬಂದದ್ದು ಎಲ್ಲಿಂದ? ಮಂಜುಪೆಟ್ಟಿಗೆಯಲ್ಲಿದ್ದ ಅವರ ರಕ್ತದ ಕೊಳವೆಗಳಿಂದ. ಆರೋಗ್ಯವಾಗಿದ್ದ ದಿನದಿಂದ ಮಲಗುವ ದಿನದವರೆಗೆ ಒಬ್ಬನೇ ಮನುಷ್ಯನ ರಕ್ತ ತಿಂಗಳು ತಿಂಗಳೂ ನಮ್ಮಲ್ಲಿತ್ತು. ಅಂಥದ್ದು ಆಗ ಯಾರ ಬಳಿಯೂ ಇರಲಿಲ್ಲ. ಅದರಿಂದ ನನಗೆ ಹೆಸರು ಬಂತು, ಈ ಹೂಗುಚ್ಛ ಬಂತು. ನನಗೆ ಆ ಹೆಸರು ಬೇಕಿರಲಿಲ್ಲ. ಆ ಕೊಳವೆಗಳೆಲ್ಲ ಒಂದೇ ಬಣ್ಣದಲ್ಲಿ ಇದ್ದಿದ್ದರೆ ಸಾಕಿತ್ತು.

ಅವರು ಕೆಲಸ ಬಿಟ್ಟ ದಿನ ಮೇಜು ಖಾಲಿ ಮಾಡುತ್ತಿದ್ದರು. ನಾನು ಹೋಗಿ ನಿಂತೆ. ಬಾಯಿ ತೆರೆಯುವ ಮೊದಲೇ ಅವರು ಕೈ ಅಡ್ಡ ಹಿಡಿದು, “ಆ ಪ್ರಶ್ನೆ ವಾಪಸ್ ತಗೊಂಡಿದೀನಿ” ಎಂದರು. ಕೇಳಿದ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳಲು ಅದೇನು ಎರವಲು ಕೊಟ್ಟ ಛತ್ರಿಯೇ? ಹಾಗೆಂದೇ ಕೇಳಿದೆ. ನಕ್ಕರು. ಆಮೇಲೆ, “ದಯವಿಟ್ಟು ಏನೂ ಹೇಳ್ಬೇಡಿ. ಈಗ ನೀವು ಹೂಂ ಅಂದ್ರೆ ಅದು ಕನಿಕರ, ಊಹೂಂ ಅಂದ್ರೆ ನೋವು. ಎರಡೂ ತಡ್ಕೊಳೋಕೆ ನನ್ ಕೈಲಾಗಲ್ಲ” ಎಂದರು. ಊರಾಚೆ ಅಕ್ಕನ ಮನೆಗೆ ಹೊರಟುಹೋದರು.

ನನ್ನನ್ನು ಒಂದು ಮಾತು ಕೇಳಬೇಕಲ್ಲವೇ? ನನ್ನ ಉತ್ತರವನ್ನು ಅವರೇ ಬರೆದುಕೊಂಡು, ಅವರೇ ಮೌಲ್ಯಮಾಪನ ಮಾಡಿ, ನಪಾಸು ಮಾಡಿಬಿಟ್ಟರೆ ಇದು ಯಾವ ಸೀಮೆಯ ನ್ಯಾಯ? ಕ್ಷಮಿಸಿ, ದನಿ ಏರಿತು. ಮೇಷ್ಟ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಒಂದು ಸಲ ನಾನೇ ಅವರ ಅಕ್ಕನ ಮನೆಗೆ ಹೋದೆ. ಅಕ್ಕ ಬಾಗಿಲು ತೆರೆದು, ಕೂರಿಸಿ, ಟೀ ಕೊಟ್ಟು, “ಮಲಗಿದಾನೆ ಕಣಮ್ಮ, ಎಬ್ಬಿಸೋದು ಬೇಡ” ಎಂದರು. ನಡುಮನೆಗೂ ಒಳಕೋಣೆಗೂ ಮಧ್ಯೆ ನೆಲಕ್ಕೆ ಮುಟ್ಟದ ಒಂದು ಪರದೆಯಿತ್ತು. ಅದರ ಕೆಳಗೆ ಅವರ ಎರಡು ಪಾದಗಳು ಕಾಣುತ್ತಿದ್ದವು. ಮಲಗಿದ ಮನುಷ್ಯನ ಪಾದಗಳು ನೆಲದ ಮೇಲೆ ನಿಂತಿರುವುದಿಲ್ಲ. ಬೆರಳುಗಳು ಊದಿದ್ದವು, ನಿಲ್ಲಲು ಎಷ್ಟು ನೋಯುತ್ತಿತ್ತೋ. ನಾನು ಟೀಯನ್ನು ಆದಷ್ಟು ನಿಧಾನವಾಗಿ ಕುಡಿದೆ. ನಾನು ಏಳುವವರೆಗೂ ಆ ಪಾದಗಳು ಕದಲಲಿಲ್ಲ.

ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು. ಅಮ್ಮ ಬೇಸತ್ತು, “ಈ ಹುಡುಗನಲ್ಲಿ ಏನು ಕೊರತೆ ಹೇಳು” ಎಂದು ಕೇಳಿದಳು. “ಏನೂ ಕೊರತೆ ಇಲ್ಲಮ್ಮ, ಅದೇ ತೊಂದರೆ” ಎಂದೆ. ಅಮ್ಮ ಆಮೇಲೆ ಕೇಳಲಿಲ್ಲ. ತಾಯಂದಿರಿಗೆ ತಿಳಿಯುತ್ತದೆ, ತಿಳಿಯದ ಹಾಗೆ ಇರುವುದೂ ತಿಳಿಯುತ್ತದೆ.

ಆದರೆ ಫೋನ್ ಬರುತ್ತಿತ್ತು. ನನ್ನ ಪ್ರಬಂಧ ಅಚ್ಚಾದಾಗಲೆಲ್ಲ ಅವರಿಂದ ಒಂದು ಫೋನ್. “ಎರಡನೇ ಚಿತ್ರ ಚೆನ್ನಾಗಿದೆ. ಆದ್ರೆ ಕೊನೇ ಸಾಲು ಸ್ವಲ್ಪ ಜಂಬ ಆಯ್ತು.” ನಾನು ವಾದಿಸುತ್ತಿದ್ದೆ. ವಾದ ಮುಗಿದ ಮೇಲೆ ಅವರು, “ಮತ್ತೆ?” ಎನ್ನುತ್ತಿದ್ದರು. ನಾನು, “ಮತ್ತೇನಿಲ್ಲ” ಎನ್ನುತ್ತಿದ್ದೆ. ಸ್ವಲ್ಪ ಹೊತ್ತು ಇಬ್ಬರೂ ಫೋನ್ ಹಿಡಿದುಕೊಂಡೇ ಇರುತ್ತಿದ್ದೆವು. ನಿರ್ದೇಶಕರು ಆಗಲೇ, ಇವರು ಇಷ್ಟೊಂದು ಪ್ರಬಂಧಗಳನ್ನು ಹೇಗೆ ಬರೆದರು ಎಂದು ಆಶ್ಚರ್ಯಪಟ್ಟರು. ಆ ‘ಮತ್ತೆ’ಗೋಸ್ಕರ ಬರೆದೆ ಸ್ವಾಮಿ. ಇನ್ನು ಮೇಲೆ ಪ್ರಬಂಧ ಇಲ್ಲ. ಪ್ರಬಂಧ ಇಲ್ಲದ ಮೇಲೆ ಅವರು ಏನೆಂದು ನೆಪ ಮಾಡಿ ಫೋನ್ ಮಾಡುತ್ತಾರೆ? ಅದಕ್ಕೇ ಈ ಸಭೆಗೆ ಕರೆದೆ. ಜೀವಮಾನದಲ್ಲಿ ಒಂದೇ ಒಂದು ಸಲ ಎದುರಿಗೆ ನಿಂತು ಹೇಳಿಬಿಡೋಣ ಎಂದು.

ಮುಖ್ಯ ಅತಿಥಿಗಳೇ, ಇನ್ನೊಂದು ಮಾತನ್ನೂ ಹೊಗಳಿಕೆಯಲ್ಲಿ ಸೇರಿಸಿದಿರಿ. ಈಯಮ್ಮ ಒಂದು ಹನಿ ರಕ್ತವನ್ನೂ ಯಾವತ್ತೂ ಅಲಕ್ಷ್ಯ ಮಾಡಲಿಲ್ಲ, ಎಂದು. ನಿಜ. ಆಸ್ಪತ್ರೆಗಳಿಂದ ನಮಗೆ ಬರುವ ಕೊಳವೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಗುರುತಿನ ಸಂಖ್ಯೆ. ಯಾರ ರಕ್ತ ಎಂದು ನಮಗೆ ತಿಳಿಯಬಾರದು, ಅದು ನಿಯಮ. ಅವರೂ ಯಾವುದೋ ಆಸ್ಪತ್ರೆಗೆ ಹೋಗುತ್ತಿರುತ್ತಾರೆ, ಅಲ್ಲಿಂದಲೂ ನಮಗೆ ಕೊಳವೆ ಬರುತ್ತಿರಬಹುದು ಎಂದು ನನಗೆ ಒಂದು ದಿನ ಹೊಳೆಯಿತು. ಅವತ್ತಿನಿಂದ ಪ್ರತಿಯೊಂದು ಕೊಳವೆಯನ್ನೂ ಅದು ಅವರದ್ದೇ ಎಂದುಕೊಂಡು ಎತ್ತಿದೆ. ಯಾವುದಾದರೂ ತೆಳು ಹಳದಿಗೆ ತಿರುಗಿದರೆ, ಇದೇ ಅವರದಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. ನೀವು ಅದನ್ನು ವೈಜ್ಞಾನಿಕ ಶಿಸ್ತು ಎಂದಿರಿ. ಆಗಲಿ, ಹಾಗೆಯೇ ಬರೆದುಕೊಳ್ಳಿ.

ಒಂದು ನಿಮಿಷ. ಬಾಗಿಲಲ್ಲಿ ನಿಂತಿರುವ ಹಿರಿಯರಿಗೆ ಯಾರಾದರೂ ಕುರ್ಚಿ ಕೊಡಿ. ಏದುಸಿರು ಬಿಡುತ್ತಿದ್ದಾರೆ, ನೀರು ಕೊಡಿ. ಸಭಿಕರೇ, ಇವರೇ ಆ ಅಕ್ಕ.

ಅಕ್ಕ ಒಬ್ಬರೇ ಬಂದಿದ್ದಾರೆ.

ಪರವಾಗಿಲ್ಲ ಅಕ್ಕ, ನೀವು ಬಂದಿರಲ್ಲ, ಅಷ್ಟೇ ಸಾಕು. ಕೂತುಕೊಳ್ಳಿ. ಯಾಕೆ ಕೈ ಆಡಿಸುತ್ತಿದ್ದೀರಿ? ಕೆಳಗೆ? ಕೆಳಗೆ ಏನು?

ನನ್ನ ವಿದ್ಯಾರ್ಥಿನಿ ಅವರ ಮಾತು ಕೇಳಿಕೊಂಡು ನನ್ನ ಕಡೆ ಬರುತ್ತಿದ್ದಾಳೆ. ಹೇಳಮ್ಮ. ... ಸಭಿಕರೇ, ವಿಷಯ ಹೀಗಿದೆ. ಲಿಫ್ಟ್ ಕೆಟ್ಟು ನಿಂತಿದೆಯಂತೆ. ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಹಜಾರದಲ್ಲಿ ಕುರ್ಚಿ ಹಾಕಿ ಧ್ವನಿವರ್ಧಕ ಇಟ್ಟಿದ್ದಾರಂತೆ. ಅವರು ಅಲ್ಲಿ ಕೂತಿದ್ದಾರಂತೆ. ಈಗ ಬಂದದ್ದಲ್ಲ, ಸಭೆ ಶುರುವಾಗುವ ಮೊದಲೇ ಬಂದಿದ್ದಾರೆ. ಮೇಲೆ ಹೇಳಿ ಕಳಿಸಬೇಡಿ, ಅವಳ ಮಾತು ಕೆಡುತ್ತದೆ ಎಂದು ಅಕ್ಕನನ್ನು ತಡೆದು ಕೂರಿಸಿಕೊಂಡಿದ್ದರಂತೆ. ನಾನು ಪರದೆಯ ವಿಷಯ ಹೇಳಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ, ಎದ್ದು ಮೆಟ್ಟಿಲು ಹತ್ತಿದ್ದಾರೆ.

ಅಂದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಕೇಕು, ಛತ್ರಿ, ಕಿವಿಯ ಬಿಸಿ, ಎಲ್ಲವನ್ನೂ. ಕಾರ್ಯದರ್ಶಿಗಳೇ, ಜಾಸ್ತಿ ಬೇಡ ಎಂದು ನೀವು ಹೇಳಿದ್ದು ಯಾಕೆಂದು ಈಗ ತಿಳಿಯಿತು.

ಇನ್ನು ಮುಚ್ಚಿಡಲು ಏನು ಉಳಿದಿದೆ? ಕೆಳಗೆ ಕೂತಿರುವವರೇ, ಕೇಳಿ. ಅವತ್ತು ಶೀತಲ ಕೋಣೆಯಲ್ಲಿ ನೀವು ಕೇಳಿದಿರಲ್ಲ, ಅದಕ್ಕೆ ನನ್ನ ಉತ್ತರ ಹೂಂ. ಇದರಲ್ಲಿ ಕನಿಕರ ಎಲ್ಲಿದೆ ಹೇಳಿ. ನೀವು ಈ ಕಟ್ಟಡದಲ್ಲೆಲ್ಲ ಒಬ್ಬರೇ ನಾರ್ಮಲ್ ಎಂದು ಮೆರೆಯುತ್ತಿದ್ದಾಗಲೇ, ಆ ಹನಿಗಳು ಬೀಳುತ್ತಿರುವಾಗಲೇ ತೀರ್ಮಾನವಾದದ್ದು ಇದು. ಕಾಯಿಲೆ ಆಮೇಲೆ ಬಂತು. ಅದು ತಡವಾಗಿ ಬಂದು ಮುಂದೆ ನಿಂತುಬಿಟ್ಟರೆ, ಮೊದಲು ಬಂದ ನಾನು ಜಾಗ ಬಿಡಬೇಕೇ? ನಮಗಿಬ್ಬರಿಗೂ ವಯಸ್ಸಾಯಿತು, ನಿಜ. ನನಗೆ ಕಣ್ಣು ಮಂಜು, ನಿಮಗೆ ಕೈಕಾಲು ಆಗದು. ಆದರೂ ಬೆಚ್ಚಗಿರುವ ಜಾಗದಲ್ಲಿ ನಿಮ್ಮ ಜೊತೆ ಕೂರಬೇಕೆಂದು ನನಗೆ ಇವತ್ತಿಗೂ ಆಸೆಯಿದೆ. ಎಷ್ಟು ದಿನವಾದರೂ ಸರಿ.

ಅಧ್ಯಕ್ಷರೇ, ಅತಿಥಿಗಳೇ, ನನ್ನನ್ನು ಇಷ್ಟು ಕಾಲ ಸಹಿಸಿಕೊಂಡ ಈ ಸಂಸ್ಥೆಯ ಎಲ್ಲರಿಗೂ, ಹೆಸರಿಲ್ಲದೆ ರಕ್ತ ಕೊಟ್ಟ ಎಲ್ಲ ರೋಗಿಗಳಿಗೂ, ಮೆಟ್ಟಿಲು ಹತ್ತಿ ಬಂದ ಅಕ್ಕನಿಗೂ ನನ್ನ ಹೃದಯ ತುಂಬಿದ ಕೃತಜ್ಞತೆಗಳು. ಮುಂದೆ ಊಟವಿದೆ, ದಯವಿಟ್ಟು ನನಗಾಗಿ ಕಾಯಬೇಡಿ. ಅವರಿಗೆ ಹತ್ತಲು ಆಗುವುದಿಲ್ಲ. ನನಗೆ ಇಳಿಯಲು ಆಗುತ್ತದೆ.

ಎಲ್ಲರಿಗೂ ನಮಸ್ಕಾರ. ರೀ, ಅಲ್ಲೇ ಇರಿ, ಬಂದೆ.